ಖಾಲಿಯಾಗದ ಕಟ್ಟು

ಅತ್ತೇ,

ಲಾಂಡ್ರಿಯಲ್ಲಿ ಇವತ್ತೂ ಎರಡು ಪಾಳಿ. ಈಗಲೇ ಸೊಂಟ ಬಿದ್ದುಹೋಗಿದೆ, ಆದರೂ ಹೊರಟೆ. ಅಡುಗೆ ಒಲೆ ಮೇಲಿದೆ. ಮಾತ್ರೆ ನುಂಗಿ, ದಿಂಬಿನ ಕೆಳಗೆ ಬಚ್ಚಿಡಬೇಡಿ.

ಊಟದ ಮೇಜಿನ ಮೇಲೆ ಹರಡಿರೋ ನಮ್ಮ ಕಾರ್ಡಾಟದಲ್ಲಿ ನನ್ನ ಸರದಿ ಆಡಿದ್ದೀನಿ. ಕಿಟಕಿ ಕಡೆ ಸಾಲು ನಿಮ್ಮದು, ಗೋಡೆ ಕಡೆದು ನನ್ನದು. ನನ್ನ ಕುದುರೆ ಸವಾರ ನಿಮ್ಮ ಕೋಟೆ ಹೊಡೆದು ಬಂದಿದ್ದಾನೆ, ಅದಕ್ಕೇ ಅಡ್ಡ ಮಲಗಿಸಿದ್ದೀನಿ. ಅಡ್ಡ ಇರೋ ಕಾರ್ಡು ಅಂದ್ರೆ ದಣಿದವನು, ನನ್ನ ಹಾಗೆ. ಮೇಜು ಒರೆಸೋ ನೆಪದಲ್ಲಿ ಅವನನ್ನ ಎಬ್ಬಿಸಿ ನಿಲ್ಲಿಸಬೇಡಿ.

ನಿಮ್ಮ ಮಗ ನಿನ್ನೆಯೂ ತಟ್ಟೆ ತೊಡೆ ಮೇಲಿಟ್ಟುಕೊಂಡು ಉಂಡು, ಮುಖ ಊದಿಸಿಕೊಂಡು ಮಲಗಿದರು. ಕಾರ್ಡು ಎಳೆಯೋ ಕಟ್ಟು ಖಾಲಿಯಾದರೆ ಆಟ ಮುಗಿದ ಹಾಗೆ, ಆಮೇಲೆ ಊಟದ ಮೇಜಿನ ಮೇಲೆ ಒಂದು ಕಾರ್ಡೂ ಕಾಣಬಾರದಂತೆ. ಆಗಲಿ ಅಂದೆ.

ಆದರೆ ಅತ್ತೇ, ಇಬ್ಬರೂ ದಿನಾ ಎಳೀತೀವಿ, ಕಟ್ಟು ಮಾತ್ರ ಇಳೀತಾನೇ ಇಲ್ಲ. ಆಡಿ ಬಿಟ್ಟ ಕಾರ್ಡುಗಳನ್ನ ನೀವು ವಾಪಸ್ ಕಟ್ಟಿನಡಿ ತೂರಿಸೋದು ನನಗೆ ಗೊತ್ತಾಗಲ್ಲ ಅಂದುಕೊಂಡ್ರಾ? ತೂರಿಸೋದಾದರೆ ಅಂಚು ಕೂಡಿಸಿ ನೆಟ್ಟಗಿಡಿ, ನಿಮ್ಮ ಮಗನ ಕಣ್ಣು ಚುರುಕು.

ಇವತ್ತು ನಾನೇ ನೆಟ್ಟಗೆ ಮಾಡಿದ್ದೀನಿ. ನಾನು ಆಡಿ ಬಿಟ್ಟ ನಾಲ್ಕು ಕಾರ್ಡನ್ನೂ ಕಟ್ಟಿನಡಿ ಸೇರಿಸಿದ್ದೀನಿ.