ಕೊನೆಯ ಸೀನಿನ ತಟ್ಟೆ

ತಾರೀಖು ಹದಿನಾಲ್ಕು, ಗುರುವಾರ

ಇಲ್ಲಪ್ಪಾ, ಇಲ್ಲಮ್ಮಾ, ಬೇಕಂತ ಊಟ ಬಿಡ್ತಿಲ್ಲ. ನಿಮ್ಮ ಹೊಟ್ಟೆ ಉರಿಸೋಕೆ ನನ್ನ ಹೊಟ್ಟೆ ಖಾಲಿ ಇಟ್ಕೊಳ್ಳೋ ಅಷ್ಟು ಪೆದ್ದನಲ್ಲ ನಾನು.

ಇವತ್ತು ತಂಗಿಯ ಶಾಲೆಯಲ್ಲಿ ಆ ಫಿಲ್ಮು ತೋರಿಸಿದರು. ಊಟ ಕಂಡರೆ ಹೆದರುವ ಕಾಯಿಲೆ ಬಗ್ಗೆ ಮಕ್ಕಳಿಗೆ ತಿಳಿಸೋಕೆ ಮಾಡಿದ್ದು. ಅದರಲ್ಲಿ ವಾಸಿಯಾದ ಗ್ಯಾರೇಜ್ ಹುಡುಗ ನಾನೇ, ನನ್ನ ಪಾತ್ರ ನಾನೇ ಮಾಡಿದ್ದೆ. ಕೊನೆಗೆ ತಟ್ಟೆ ತುಂಬ ಅನ್ನ ತಿಂದು ನಗುತ್ತೇನೆ. ಅಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ.

ಮನೆಗೆ ಬಂದ ತಕ್ಷಣ ಅಮ್ಮ ಅಂಥದೇ ತಟ್ಟೆ ತಂದಿಟ್ಟಳು. "ಅಲ್ಲಿ ತಿಂದ ಹಾಗೇ ತಿನ್ನು, ನನ್ನಪ್ಪಾ."

ಕೈ ಮೇಲೇಳಲಿಲ್ಲ. "ಅಲ್ಲಿ ಒಂದಗುಳೂ ನುಂಗಿಲ್ಲಮ್ಮ," ಅಂದೆ.

ಒಂದೇ ತುತ್ತನ್ನು ಸಿನಿಮಾದವರು ಹತ್ತು ಸಲ ತೆಗೀತಾರೆ. ಹೊಟ್ಟೆ ಕೆಡಬಾರದು ಅಂತ ಕುರ್ಚಿ ಪಕ್ಕ ಉಗಿಯೋಕೆ ಬಕೆಟ್ ಇಡ್ತಾರೆ. ಡೈರೆಕ್ಟರ್ ಮೇಡಂ ಪ್ರೀತಿಯಿಂದಲೇ ಹೇಳಿದಳು, "ನುಂಗಬೇಡ ಕಣೋ, ಕಟ್ ಅಂದ ಕೂಡಲೇ ಉಗಿದುಬಿಡು." ಅಗಿದು ಉಗಿಯೋದೇ ನನ್ನ ಕಾಯಿಲೆ ಅನ್ನೋದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಬಿಟ್ಟಿದ್ದ ಆ ಚಟ ಅವತ್ತಿಂದ ಮತ್ತೆ ಶುರುವಾಯಿತು.

ಅಪ್ಪ ತಟ್ಟೆಯನ್ನು ಇನ್ನೂ ಹತ್ತಿರ ತಳ್ಳಿದ. "ಕಥೆ ಸಾಕು. ಇಡೀ ಶಾಲೆ ನೋಡಿದೆ, ನೀನು ವಾಸಿಯಾಗಿದ್ದೀಯ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅನ್ನ ಆರುವುದನ್ನು ನೋಡುತ್ತಾ ಕೂತೆ. ನಾಳೆ ಆ ಫಿಲ್ಮು ಬೇರೆ ಶಾಲೆಗೆ ಹೋಗುತ್ತೆ. ಅಲ್ಲೂ ಯಾವುದೋ ಅಮ್ಮ ಅದನ್ನು ನೋಡಿ, ಮನೆಗೆ ಬಂದು ಮಗಳ ಮುಂದೆ ತಟ್ಟೆ ಇಡ್ತಾಳೆ.

"ಫಿಲ್ಮಿಂದ ಆ ಸೀನು ಕಿತ್ತುಹಾಕಿಸಿ ಬರ್ತೀನಿ," ಅಂತ ಎದ್ದೆ. ಬಾಗಿಲು ದಡಾರಂತ ಬಡಿಯಿತು. ಬಡಿದವನು ನಾನೇ ಅಂತ ಬೀದಿಗಿಳಿದ ಮೇಲೆ ಗೊತ್ತಾಯಿತು.