ಮೂರು ಕಣದ ಗಾಲ್ಫ್

ಕಮಲಾಪುರ
ಜೂನ್ ೧೯, ೧೯೨೭

ಗೆಳೆಯ ಶಬ್ಬೀರನಿಗೆ ಅಣವೀರಪ್ಪನ ಶರಣು, ಸಲಾಮು ಎರಡೂ.

ನಿನ್ನ ಕಾಲು ಹೇಗಿದೆ ಎಂದು ಮೊದಲು ಕೇಳಬೇಕು. ಕೇಳಿದ್ದೇನೆ ಎಂದುಕೋ. ಮೊನ್ನೆ ಕಲಬುರಗಿಯಿಂದ ಬಂದ ನಾಗಣ್ಣ, ಪ್ಲಾಸ್ಟರ್ ಇನ್ನೂ ಆರು ವಾರ ಇರುತ್ತದೆ ಎಂದ. ಕೋಟೆಯ ಹತ್ತಿರದ ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಚೇಷ್ಟೆ ಮಾಡುತ್ತಿದ್ದೀಯಂತೆ. ಸಮಾಧಾನವಾಯಿತು. ಮೂರು ವಾರದಿಂದ ಅಣವೀರ ಯಾಕೆ ಮುಖ ತೋರಿಸಿಲ್ಲ ಎಂದು ನೀನು ಕೇಳಿದೆಯಂತೆ, ಹೊಲದ ಕೆಲಸ ಎಂದು ಅವನು ಹೇಳಿದನಂತೆ. ಮಳೆಯೇ ಬೀಳದೆ ಹೊಲದಲ್ಲಿ ಎಂಥ ಕೆಲಸ? ಗಂಜ್ ಪೇಟೆಯ ವ್ಯಾಪಾರಿಯ ಮಗ, ಅವನಿಗೇನು ಗೊತ್ತು.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹಾಗೆ ಮಾಡದಿದ್ದರೆ ಗೊತ್ತಿಲ್ಲದ್ದನ್ನು ಬರೆಯಲು ನನಗೆ ಕೈ ಏಳುವುದಿಲ್ಲ.

ಹೈದರಾಬಾದಿನ ಕಾಲೇಜಿನಲ್ಲಿ ಹಾಕಿ ಸೀಜನ್ ಮುಗಿದು, ಪರೀಕ್ಷೆ ಬರೆದು, ನಾವು ಮೂವರೂ ಊರಿಗೆ ಬಂದದ್ದು ಏಪ್ರಿಲಿನಲ್ಲಿ. ಮುಂದಿನ ಸೀಜನ್ನಿಗೆ ಮಳೆಗಾಲ ಬರಬೇಕು. ಅಲ್ಲಿಯವರೆಗೆ ಕೈಯಲ್ಲಿ ಕೋಲಿಲ್ಲದೆ ಇರಲಾರೆ ಎಂದು ಗೊಣಗಿದವನು ನೀನು. ಗಿರಣಿಯ ಇಂಗ್ಲಿಷ್ ಮ್ಯಾನೇಜರು ವಿಲಾಯತಿಗೆ ಹೋಗುವಾಗ ನಿನ್ನ ತಂದೆ ಕರೀಂಸಾಬರಿಗೆ ಬಿಟ್ಟುಹೋದ ಗಾಲ್ಫ್ ಕೋಲುಗಳ ಚೀಲ ಹೊತ್ತು, ನೀನು ಮತ್ತು ನಾಗಣ್ಣ ನಮ್ಮ ಊರಲ್ಲಿ ಮೋಟಾರು ಇಳಿದಾಗ, ಇವರು ಹಾವು ಹಿಡಿಯುವವರೇ ಎಂದು ಜನ ನನ್ನನ್ನು ಕೇಳಿದರು.

ಹುಲ್ಲಿಲ್ಲದೆ ಗಾಲ್ಫ್ ಎಲ್ಲಿ ಎಂದು ನಾಗಣ್ಣನ ತಕರಾರು. ನಮ್ಮ ಕಣ ತೋರಿಸಿದವನು ನಾನು. ಜೋಳದ ರಾಶಿ ಎತ್ತಿದ ಮೇಲೆ, ಸೆಗಣಿ ಸಾರಿಸಿದ ಆ ದುಂಡನೆಯ ನೆಲ ಮೇಜಿನಂತೆ ನುಣ್ಣಗಿತ್ತು. ರಾಶಿ ಮಾಡುವಾಗ ಎತ್ತು ಕಟ್ಟುವ ನಡುವಿನ ಮೇಟಿಕಂಬ ಕಿತ್ತ ಕುಣಿ ಚೆಂಡಿಗೆಂದೇ ತೋಡಿದ ಹಾಗಿತ್ತು. ನಮ್ಮದು, ದೊಡ್ಡಪ್ಪನದು, ಪಕ್ಕದ ರಾಮಣ್ಣನದು ಸೇರಿ ಮೂರು ಹೊಲ, ಮೂರು ಕಣ. ಮೂರು ಸುತ್ತು ಹೊಡೆದರೆ ಒಂಬತ್ತು ಕುಣಿಯ ಆಟ. ಪೂಜೆ ಮಾಡಿದ ಮೇಟಿ ನಿಂತ ಜಾಗದಲ್ಲಿ ಚೆಂಡು ಹಾಕುತ್ತೀರಾ ಎಂದು ನಮ್ಮವ್ವ ಎರಡು ದಿನ ಮುಖ ಊದಿಸಿಕೊಂಡಳು. ಮೂರನೆಯ ದಿನ ನೀನು ಅವಳ ಕಾಲಿಗೆ ಬಿದ್ದು, ಮೊದಲ ಚೆಂಡನ್ನು ಅವಳ ಕೈಯಿಂದಲೇ ಹಾಕಿಸಿದೆ. ಈಗಲೂ ಊಟಕ್ಕೆ ಕುಳಿತಾಗ ನಿನ್ನ ಸುದ್ದಿಯನ್ನೇ ಕೇಳುತ್ತಾಳೆ.

ಆಟ ಮಾತ್ರ ನಮ್ಮ ಮೂವರದೂ ಅಷ್ಟಕ್ಕಷ್ಟೆ. ಹಾಕಿಯಲ್ಲಿ ಕೋಲು ಹೆಗಲಿಗಿಂತ ಮೇಲೆ ಎತ್ತಿದರೆ ತಪ್ಪು. ಆ ಭಯ ರಕ್ತದಲ್ಲೇ ಇಳಿದಿತ್ತಲ್ಲ, ಗಾಲ್ಫ್ ಕೋಲನ್ನೂ ನಾವು ಸೊಂಟದವರೆಗೇ ಎತ್ತುತ್ತಿದ್ದೆವು. ಚೆಂಡು ಹಾರುತ್ತಲೇ ಇರಲಿಲ್ಲ, ನೆಲ ಹಿಡಿದೇ ಓಡುತ್ತಿತ್ತು. ಮೇ ತಿಂಗಳಲ್ಲಿ ಎರೆಭೂಮಿ ಬಿರಿದು ಬಾಯಿ ತೆರೆದ ಮೇಲೆ, ಒಂದೇ ವಾರದಲ್ಲಿ ನಾಲ್ಕು ಚೆಂಡು ಪಾತಾಳಕ್ಕೆ ಹೋದವು.

ಕಣಗಳ ನಡುವಿನ ದೊಡ್ಡ ಬಿರುಕುಗಳಿಗೆ ಹೊಟ್ಟು ತುಂಬಿ ಸಮ ಮಾಡೋಣ ಎಂದದ್ದು ನಾನು. ಹೊಟ್ಟಿನ ಮೇಲೆ ಧೂಳು ಕುಳಿತರೆ ನೆಲ ಯಾವುದು, ಬಿರುಕು ಯಾವುದು ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಬಿರುಕಿಗೂ ಒಂದು ತೊಗರಿ ಕಟ್ಟಿಗೆ ನೆಡಬೇಕು ಎಂದು ಕಾನೂನು ಮಾಡಿದ್ದೂ ನಾನೇ. ನೀವಿಬ್ಬರೂ ಪಟ್ಟಣದವರು, ಹೊಲದ ಜವಾಬ್ದಾರಿ ನನಗಿರಲಿ ಎಂದು ಜಂಬದಿಂದ ಹೇಳಿದ್ದೆ.

ಮೇ ಇಪ್ಪತ್ತೆಂಟರ ಬೆಳಿಗ್ಗೆ, ಎರಡನೆಯ ಕಣಕ್ಕೆ ಹೋಗುವಾಗ, ನನ್ನ ಚೆಂಡು ಒಂದು ಕಟ್ಟಿಗೆಯ ಹಿಂದೆ ನಿಂತಿತು. ಅಡ್ಡ ಬಂದದ್ದನ್ನು ಕಿತ್ತು, ಹೊಡೆದು, ಮತ್ತೆ ನೆಡುವುದು ನಮ್ಮ ಪದ್ಧತಿ. ಕಿತ್ತೆ, ಕೆಳಗಿಟ್ಟು ಹೊಡೆದೆ. ಆ ಬೇಸಿಗೆಯಲ್ಲಿ ಮೊದಲ ಸಲ ಚೆಂಡು ಹಾರಿತು. ಕಟ್ಟಿಗೆ ಎತ್ತಿಕೊಂಡವನು, ಚೆಂಡು ಬಿದ್ದ ಕಡೆಗೇ ಕಣ್ಣಿಟ್ಟು ನಡೆದುಬಿಟ್ಟೆ. ನೀನು ಕೂಗಿದ್ದು ಕೇಳಿ ತಿರುಗಿದೆ. ನಿನ್ನ ಬಲಗಾಲು ಮೊಣಕಾಲಿನವರೆಗೆ ಹೊಟ್ಟಿನೊಳಗೆ ಹೋಗಿತ್ತು. ಎಲುಬು ಮುರಿದ ಸಪ್ಪಳ ನಾಗಣ್ಣನಿಗೆ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ.

ನೀನು ಅಳಲಿಲ್ಲ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದೆ.

“ಇಲ್ಲಿ ಕಟ್ಟಿಗಿ ನೆಟ್ಟಿದ್ದಿಲ್ಲೇನೋ ಅಣವೀರ?”

“ನೆಟ್ಟಿದ್ದೆ. ಗಾಳಿಗಿ ಬಿದ್ದಿರಬೇಕು” ಎಂದೆ.

ಶಬ್ಬೀರ್, ಅವತ್ತು ಗಾಳಿ ಇರಲಿಲ್ಲ. ಕಟ್ಟಿಗೆ ನನ್ನ ಕೈಯಲ್ಲೇ ಇತ್ತು. ನಿನ್ನನ್ನು ಎತ್ತಲು ಬಗ್ಗುವಾಗ ಬೆನ್ನ ಹಿಂದೆ ಬಿಸಾಡಿದೆ. ನಾಗಣ್ಣ ನಿನ್ನ ಕಾಲನ್ನೇ ನೋಡುತ್ತಿದ್ದ.

ಬಂಡಿಯಲ್ಲಿ ದವಾಖಾನೆ ಮುಟ್ಟಲು ಸಂಜೆಯಾಯಿತು. ದಾರಿಯುದ್ದಕ್ಕೂ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು, ಎತ್ತುಗಳಿಗೆ ಹಾಕಿ ಆಟ ಕಲಿಸಿದ್ದರೆ ಇಷ್ಟೊತ್ತಿಗೆ ಗೋಲು ಹೊಡೆಯುತ್ತಿದ್ದವು ಎಂದು ನಗಿಸುತ್ತಿದ್ದೆ. ನಕ್ಕೆ. ಎಲುಬು ಕಟ್ಟಿಸಿಕೊಂಡು ಮನೆಗೆ ಬಂದಾಗ ನಿನ್ನ ತಾಯಿ ಅಕ್ಬರಿ ಬೇಗಂ ನನ್ನ ತಲೆಯ ಮೇಲೆ ಕೈಯಿಟ್ಟು, “ನೀ ಇದ್ದಿ ಅಂತ ನನ್ನ ಮಗ ಮನಿ ಮುಟ್ಯಾನ ಬೇಟಾ” ಎಂದರು. ಆಮೇಲೆ ಬಿಸಿ ರೊಟ್ಟಿ ಹಾಕಿದರು. ಉಣ್ಣಲಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹಸಿವಾಗಿತ್ತು, ಎರಡು ಉಂಡೆ.

ಈಗ ಇನ್ನೊಂದು ವಿಷಯ. ಕಾಲೇಜಿನ ಆಟದ ಮಾಸ್ತರರ ಕಾಗದ ನಾಲ್ಕು ದಿನದ ಹಿಂದೆ ಬಂತು. ನಿನ್ನ ಸುದ್ದಿ ಅವರಿಗೆ ಮುಟ್ಟಿದೆ. ನಿನ್ನ ಜಾಗದಲ್ಲಿ, ಸೆಂಟರ್ ಫಾರ್ವರ್ಡ್ ಆಗಿ, ನಾನು ಆಡಬೇಕಂತೆ. ಆಗಸ್ಟಿನಲ್ಲಿ ಮದರಾಸಿನ ಪಂದ್ಯ. ಅಲ್ಲಿಗೆ ರೈಲ್ವೆಯವರು ಬರುತ್ತಾರೆ, ಚೆನ್ನಾಗಿ ಆಡಿದವನನ್ನು ನೌಕರಿಗೆ ತೆಗೆದುಕೊಳ್ಳುತ್ತಾರೆ. ಕರೀಂಸಾಬರ ಕಣ್ಣು ಮಂಜಾಗುತ್ತಿದೆ, ಅವರು ಗಿರಣಿ ಬಿಡುವಷ್ಟರಲ್ಲಿ ಆ ನೌಕರಿ ಹಿಡಿಯಬೇಕು ಎಂದು ನೀನು ಎಷ್ಟು ಸಲ ಹೇಳಿದ್ದೆ. ಇದು ನಮ್ಮ ಕೊನೆಯ ವರ್ಷ. ಮುಂದಿನ ಸೀಜನ್ ಎಂಬುದು ನಿನಗೂ ಇಲ್ಲ, ನನಗೂ ಇಲ್ಲ.

ಎರಡು ವರ್ಷ ನಾನು ಗೆರೆಯ ಹೊರಗೆ ಕುಳಿತು ನಿನ್ನ ಕೋಟು ಕಾಯ್ದಿದ್ದೇನೆ. ಹೊಟ್ಟೆಕಿಚ್ಚು ಇರಲಿಲ್ಲ ಎನ್ನುವುದಿಲ್ಲ, ಇತ್ತು. ಆದರೆ ಕಟ್ಟಿಗೆ ಮರೆತದ್ದು ಮರೆತದ್ದೇ. ಬೇಕೆಂದು ಮಾಡಿದೆಯಾ ಎಂದು ದಿನಾ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ ಎಂದೇ ಉತ್ತರ ಬರುತ್ತದೆ. ಸುಳ್ಳು ಹೇಳಿದ್ದು ಮಾತ್ರ ಬೇಕೆಂದೇ ಹೇಳಿದ್ದು. ಅದಕ್ಕೆ ನನಗೆ ನಾಚಿಕೆಯಾಗುತ್ತದೆ.

ಆದ್ದರಿಂದ ತೀರ್ಮಾನ ನಿನಗೆ ಬಿಟ್ಟಿದ್ದೇನೆ. ನೀನು ಬೇಡ ಎಂದರೆ ಹೋಗುವುದಿಲ್ಲ, ಕಾರಣವನ್ನೂ ಮಾಸ್ತರರಿಗೆ ಬರೆಯುತ್ತೇನೆ. ಹೋಗು ಎಂದರೆ ಹೋಗುತ್ತೇನೆ. ಬೈಯಬೇಕೆನಿಸಿದರೆ ಬಾಯಿ ತುಂಬ ಬೈದು ಬರೆ. ನಿನ್ನ ಉತ್ತರ ಬರುವವರೆಗೆ ನಾನು ಏನೂ ಮಾಡುವುದಿಲ್ಲ.

ನಿನ್ನವನೇ ಎಂದು ಬರೆದುಕೊಳ್ಳುವ
ಅಣವೀರಪ್ಪ

ತಾ.ಕ.: ಉತ್ತರ ಬರುವವರೆಗೆ ಏನೂ ಮಾಡುವುದಿಲ್ಲ ಎಂಬ ಮೇಲಿನ ಸಾಲನ್ನು ಹೊಡೆದುಹಾಕಬೇಕಿತ್ತು, ಇರಲಿ ಬಿಡು. ಮಾಸ್ತರರ ಕಾಗದ ಬಂದ ದಿನ ಅಂಚೆಯವನನ್ನು ಕಟ್ಟೆಯ ಮೇಲೆ ಕೂರಿಸಿ, ಅವನು ನೀರು ಕುಡಿದು ಮುಗಿಸುವಷ್ಟರಲ್ಲಿ, ಆಡುತ್ತೇನೆ ಎಂದು ಬರೆದು ಅವನ ಕೈಗೇ ಕೊಟ್ಟೆ. ನಿನಗೆ ಬರೆಯಲು ನಾಲ್ಕು ದಿನ ಬೇಕಾಯಿತು.