ಮೊದಲು ಕಟಿಂಗ್ ಕೋಣೆ

ಮನೆಯಿಂದ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಮಾಸ್ಟರಿಗೆ,

ಮಂಗಳವಾರ ನೀನು ಯಾರ ಕೈಯೂ ಹಿಡಿಯದೆ ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಕೊಂಡೆ ಎಂಬ ಸುದ್ದಿ ನಿನ್ನೆ ಸಂಜೆ ಮನೆಗೆ ತಲುಪಿತು. ತಂದವಳು ನಿನ್ನ ತಂಗಿ. ಅವಳು ಒಂದಕ್ಕೆ ಎರಡು ಸೇರಿಸಿ ಹೇಳುವವಳಾದ್ದರಿಂದ ಫಿಸಿಯೋ ಮೇಡಂಗೆ ಫೋನ್ ಮಾಡಿ ಕೇಳಿದೆ. ನಿಜವೇ ಅಂದರು. ದಾಟಿದ ಮೇಲೆ ನೀನು ‘ಈ ಕುರ್ಚಿಯ ಸೀಟಿನ ಹೊಲಿಗೆ ಯಾರು ಹಾಕಿದ್ದು, ದಾರ ಎಲ್ಲಾ ಸಡಿಲ’ ಅಂದೆ ಎಂಬುದನ್ನೂ ಅವರೇ ಹೇಳಿದರು. ಭುಜದ ನೋವು ಈಗ ಹೇಗಿದೆ? ಅಂಗೈಯ ಬೊಬ್ಬೆಗಳು ಒಣಗಿದವೇ? ಕತ್ತರಿ ಹಿಡಿದು ಗಟ್ಟಿಯಾದ ಹೆಬ್ಬೆರಳಿನ ಬುಡವೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಬೊಬ್ಬೆ ಎದ್ದಿದೆಯಂತೆ. ನಿದ್ದೆ ಸರಿಯಾಗಿ ಬರುತ್ತಿದೆಯೇ? ಪಕ್ಕದ ಹಾಸಿಗೆಯ ಅಜ್ಜಿಯ ಗೊರಕೆಗೆ ನರ್ಸ್‌ಗಳೇನಾದರೂ ದಾರಿ ಹುಡುಕಿದರೇ, ಇಲ್ಲವೇ ನಿನಗೇ ಅದು ಅಭ್ಯಾಸವಾಯಿತೇ? ನನ್ನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದವಳಿಗೆ ಅದೇನು ಹೊಸದಲ್ಲ ಅಂತ ಅಮ್ಮ ಹೇಳುತ್ತಾಳೆ.

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಮೋಡ ಕವಿದ ದಿನ ಜಾಸ್ತಿ, ಬಿಸಿಲಿನ ದಿನ ಕಡಿಮೆ. ಮಗಳು ನೀನಿಟ್ಟ ಹೆಸರಿಗೆ ತಕ್ಕ ಹಾಗೆ ಹೊಲಿಗೆ ಮಷೀನಿನ ದಾರ ಸುತ್ತುವ ಬಾಬಿನ್ನೇ; ಪರೀಕ್ಷೆ ಹತ್ತಿರ ಬಂದರೂ ಒಂದು ಕಡೆ ಕೂರದೆ ಪುಸ್ತಕ ಹಿಡಿದು ಮನೆ ತುಂಬಾ ಸುತ್ತುತ್ತಾಳೆ. ಸುತ್ತಿಕೊಂಡೇ ಓದಿದರೆ ತಲೆಗೆ ಹತ್ತುತ್ತದಂತೆ. ನಾನು ಮಷೀನಿನ ಮುಂದೆ ಇದ್ದೇನೆ.

ನಿನ್ನ ತಂಗಿ ಇನ್ನೊಂದು ಮಾತನ್ನೂ ಹೇಳಿದಳು. ತಿಂಗಳ ಕೊನೆಗೆ ಆಸ್ಪತ್ರೆಯಿಂದ ಬಿಟ್ಟ ಮೇಲೆ ನೀನು ಇಲ್ಲಿಗೆ ಬರದೆ ಅವಳ ಮನೆಗೆ ಹೋಗುತ್ತೀಯಂತೆ. ‘ಅಲ್ಲಿ ನನ್ನಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ, ಒಂದು ಮೂಲೇಲಿ ಕೂತಿರ್ತೀನಿ’ ಅಂದೆಯಂತೆ. ಹೇಳುವಾಗ ಅವಳಿಗೇ ಅಳು ಬಂತು. ಇದನ್ನು ಫೋನಿನಲ್ಲಿ ಕೇಳೋಣವೆಂದರೆ ನೀನು ಎರಡು ಸಲ ‘ಹೂಂ’ ಅಂದು, ನರ್ಸ್ ಬಂದರು ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಹಾಗೆ ಮಾಡಲಾಗದು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ತಂಗಿಯ ಮನೆ ಬೇಡವೆಂದು ನಾನು ವಾದಿಸುವುದಿಲ್ಲ. ಇಲ್ಲಿ ಏನೇನಾಯಿತು ಎಂಬುದನ್ನು ಮಾತ್ರ ಆದ ಹಾಗೆ ಹೇಳುತ್ತೇನೆ. ಓದಿ ನೀನೇ ತೀರ್ಮಾನಿಸು.

ನೀನು ಬರುವಷ್ಟರಲ್ಲಿ ಮನೆಯನ್ನು ಗಾಲಿಕುರ್ಚಿಗೆ ಹೊಂದಿಸಬೇಕೆಂದು ಮೇಸ್ತ್ರಿಯನ್ನು ಕರೆಸಿದ್ದೆವು. ಅವನು ಎಲ್ಲ ಕಡೆ ಗೋಡೆ ತಟ್ಟಿ ನೋಡಿ, ‘ಅಣ್ಣ, ಸ್ಕೂಲ್ ಕಟ್ಟಡ ಒಪ್ಪಿಕೊಂಡಿದೀನಿ. ಅದು ಶುರುವಾಗೋದ್ರೊಳಗೆ ಒಂದೇ ಒಂದು ಕೋಣೆ ಮಾಡಿಕೊಡ್ತೀನಿ. ಯಾವುದು ಅಂತ ನೀವೇ ಹೇಳಿ’ ಅಂದ. ನಾಲ್ಕು ಜನ ಊಟದ ಮೇಜಿನ ಸುತ್ತ ಕೂತೆವು. ಮೇಸ್ತ್ರಿ ಬಚ್ಚಲುಮನೆ ಎಂದ. ನಾನೂ ಬಚ್ಚಲುಮನೆ ಎಂದೆ. ಆಸ್ಪತ್ರೆಯಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಬಾಬಿನ್ ಮುಂದಿನ ಕೋಣೆ ಅಂದಳು; ಬೀದಿ ಕಡೆಯ ಕಿಟಕಿಯನ್ನು ತಗ್ಗಿಸಿ ಅಲ್ಲಿ ನಿನ್ನ ಮಂಚ ಹಾಕಿದರೆ ಹೋಗಿಬರುವವರನ್ನು ನೋಡಿಕೊಂಡು ನಿನಗೆ ಹೊತ್ತು ಹೋಗುತ್ತದಂತೆ. ಅಮ್ಮ ಅಡುಗೆಮನೆಗೆ ಪಟ್ಟು ಹಿಡಿದಳು. ‘ಅವಳು ಬಂದು ಬೇಯಿಸಲಿ ಅಂತ ಅಲ್ಲಪ್ಪ. ನಾನು ಉಪ್ಪು ಜಾಸ್ತಿ ಹಾಕಿದಾಗ ಬೈಯೋಕಾದ್ರೂ ಅವಳು ಒಳಗೆ ಬರಬೇಕಲ್ಲ’ ಅಂದಳು. ಒಟ್ಟಿನಲ್ಲಿ ನೀನು ಎಲ್ಲಿ ಮಲಗಬೇಕು, ಎಲ್ಲಿ ಮೀಯಬೇಕು, ಎಲ್ಲಿ ಉಣ್ಣಬೇಕು ಎಂಬುದೆಲ್ಲ ಚರ್ಚೆಯಾಯಿತು. ಕಟಿಂಗ್ ಕೋಣೆಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನೀನು ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಏಣಿಯಿಂದ ಬಿದ್ದ ದಿನ ಆ ಬಾಗಿಲಿಗೆ ಬೀಗ ಹಾಕಿದವರು ಮತ್ತೆ ತೆಗೆದಿರಲಿಲ್ಲ. ನಾನು ಊಟದ ಮೇಜಿನ ಮೇಲೆಯೇ ಬಟ್ಟೆ ಕತ್ತರಿಸುತ್ತಿದ್ದೆ.

ಕತ್ತರಿಸುತ್ತಿದ್ದೆ ಎಂಬುದು ದೊಡ್ಡ ಮಾತು. ನಮ್ಮ ಮಾತು ಇನ್ನೂ ಮುಗಿದಿರಲಿಲ್ಲ, ಬ್ಯಾಂಡ್ ಬಾರಿಸುವವರ ಯಜಮಾನರು ತಮ್ಮ ಹೊಸ ಕೋಟು ನೋಡಲು ಬಂದರು. ಅದು ನಾನೇ ಕತ್ತರಿಸಿ ನಾನೇ ಹೊಲಿದ ಕೋಟು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು, ತಾಳ ಕೊಡುವವರ ಹಾಗೆ ಕೈ ಎತ್ತಿದರು. ಇಡೀ ಕೋಟು ಕಿವಿಯ ತನಕ ಏರಿತು. ‘ನಾನು ಬ್ಯಾಂಡ್ ನಡೆಸಬೇಕೋ, ಪೊಲೀಸರಿಗೆ ಶರಣಾಗಬೇಕೋ?’ ಅಂತ ಕೇಳಿದರು. ಬಾಬಿನ್ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೋಟು ಬಿಚ್ಚಿ ಮಡಿಸಿ ನನ್ನ ಕೈಗೆ ಕೊಟ್ಟು, ‘ಕಂಕುಳಿನ ಹೊಲಿಗೆ ಬಿಚ್ಚಿ ನೀವು ಇನ್ನಷ್ಟು ಕೆಡಿಸಬೇಡಿ. ಮಾಸ್ಟರ್ ಬರಲಿ, ಅವರೇ ನೋಡಲಿ. ಇನ್ನು ಮುಂದೆ ಅವರು ಎಲ್ಲಿ ಕೂತು ಕಟ್ ಮಾಡ್ತಾರೆ?’ ಅಂದರು.

ನಮ್ಮ ನಾಲ್ವರ ಕಣ್ಣೂ ಬೀಗ ಹಾಕಿದ ಆ ಬಾಗಿಲಿನ ಕಡೆ ಹೋಯಿತು. ಅವರಿಗೆ ಕೇಳಬಾರದ್ದು ಕೇಳಿದೆ ಎನ್ನಿಸಿತೋ ಏನೋ, ಟೋಪಿ ಹಾಕಿಕೊಂಡು ಹೊರಟರು. ಅವರು ಗೇಟು ದಾಟುವ ಮೊದಲೇ ಅಮ್ಮ ಎದ್ದು, ಮೊಳೆಯಿಂದ ಬೀಗದ ಕೈ ತೆಗೆದು ಆ ಬಾಗಿಲು ತೆರೆದಳು. ಒಳಗೆ ಎಲ್ಲ ಹಾಗೆಯೇ ಇತ್ತು. ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ, ಅದರ ಮೇಲೆ ನೀನು ಸೀಮೆಸುಣ್ಣದಲ್ಲಿ ಅರ್ಧ ಎಳೆದ ತೋಳು. ಅಮ್ಮ ಅದನ್ನು ಮುಟ್ಟಲಿಲ್ಲ. ಹಿಂದೆ ತಿರುಗದೆಯೇ ಹೇಳಿದಳು: ‘ಬಚ್ಚಲುಮನೆ ಕಟ್ಟಿದ್ರೆ ಒಬ್ಬ ರೋಗಿ ಬರ್ತಾಳೆ. ಇದನ್ನ ಕಟ್ಟು, ಮಾಸ್ಟರ್ ಬರ್ತಾಳೆ.’ ನಿನಗೆ ಗೊತ್ತಿರುವ ಹಾಗೆ ಅಮ್ಮ ನಿನ್ನನ್ನು ಮಾಸ್ಟರ್ ಎಂದು ಕರೆದದ್ದು ಇದೇ ಮೊದಲು. ಇಷ್ಟು ವರ್ಷ ಅಂಗಡಿಗೆ ಬರುವವರೆಲ್ಲ ಕರೆದರೂ ಅವಳ ಬಾಯಲ್ಲಿ ನೀನು ‘ಇವಳೇ’ ಆಗಿದ್ದೆ.

ಮೇಸ್ತ್ರಿ ಒಪ್ಪಲಿಲ್ಲ. ‘ಬಚ್ಚಲು ಬಿಟ್ಟು ಯಾರಾದ್ರೂ ಅಂಗಡಿ ಕೋಣೆ ರಿಪೇರಿ ಮಾಡ್ತಾರಾ ಅಮ್ಮಾ, ನಾಲ್ಕು ಜನ ನನ್ನನ್ನ ಬೈತಾರೆ’ ಅಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಆದ್ದರಿಂದ ಬಚ್ಚಲಿಗೆ ಸದ್ಯಕ್ಕೆ ಹೀಗೆ ಮಾಡಿದ್ದೇವೆ: ಬಾಗಿಲನ್ನು ಕೀಲಿನಿಂದ ಬಿಚ್ಚಿ ದಪ್ಪ ಬಟ್ಟೆಯ ಪರದೆ ಹಾಕಿದೆವು, ಹೊಸ್ತಿಲಿನ ಎರಡೂ ಕಡೆ ಇಳಿಜಾರಿನ ಹಲಗೆ ಇಟ್ಟೆವು, ಗೋಡೆಗೆ ಹಿಡಿಕೆ ಕೂರಿಸಿದೆವು. ಫಿಸಿಯೋ ಮೇಡಂ ಬಂದು ನೋಡಿ, ಕೆಲವು ತಿಂಗಳು ಇದು ಸಾಕು ಅಂದರು. ಪರದೆ ಹೊಲಿಯಲು ನಮಗೆ ಮೇಸ್ತ್ರಿ ಬೇಕಾಗಲಿಲ್ಲ ಎಂದು ಅಮ್ಮ ಅವನಿಗೆ ಕೇಳಿಸುವ ಹಾಗೆ ಹೇಳಿದಳು. ಇನ್ನು ಅವನ ಕೆಲಸ ಹೋದ ವಾರ ಸೋಮವಾರ ಶುರುವಾಯಿತು. ಮೊದಲ ಏಟು ಅಟ್ಟಕ್ಕೆ. ಈಗ ಅಟ್ಟವಿಲ್ಲ, ಏಣಿಯನ್ನೂ ಮೇಸ್ತ್ರಿಗೇ ಕೊಟ್ಟೆ. ಥಾನುಗಳೆಲ್ಲ ಗೋಡೆಯುದ್ದಕ್ಕೂ ಸೊಂಟದೆತ್ತರದ ಒಂದೇ ಸಾಲಿನಲ್ಲಿ ಕೂತಿವೆ. ಹಜಾರದಿಂದ ಆ ಕೋಣೆಗೆ ಇಳಿಯುವ ಮೆಟ್ಟಿಲಿತ್ತಲ್ಲ, ಅದನ್ನು ತುಂಬಿಸಿ ನೆಲ ಸಮ ಮಾಡಿದ. ಬಾಗಿಲು ಅಗಲವಾಯಿತು. ಸ್ವಿಚ್ಚುಗಳು ಕೆಳಗೆ ಬಂದವು. ಬಾಬಿನ್ ಸ್ನೇಹಿತೆಯ ತಮ್ಮನ ಮೂರು ಗಾಲಿಯ ಸೈಕಲ್ ತಂದು ಮುಂಬಾಗಿಲಿನಿಂದ ಕಟಿಂಗ್ ಕೋಣೆಯ ತನಕ ಕಾಲು ಮಡಚಿಕೊಂಡು ಓಡಿಸಿ, ಎಲ್ಲೂ ತಡೆಯಲಿಲ್ಲ ಎಂದು ವರದಿ ಕೊಟ್ಟಳು. ಸೈಕಲ್ಲಿನ ಪೆಡಲ್ ಮಾತ್ರ ಮುರಿದಿದೆ.

ಎಡವಿದ್ದು ಮೇಜಿನಲ್ಲಿ. ನಿಂತು ಕತ್ತರಿಸುವ ಮೇಜು ಕೂತವಳಿಗೆ ಎತ್ತರವಾಗುತ್ತದೆ, ಹಾಗಾಗಿ ಹೊಸ ಕಾಲು ಹಾಕಲು ಬಡಗಿಗೆ ಹೇಳಿದೆವು. ಅಮ್ಮ ಊಟದ ಕುರ್ಚಿಯ ಮೇಲೆ ಕೂತು, ನೆಲದಿಂದ ತನ್ನ ಮೊಣಕೈಗೆ ಟೇಪು ಹಿಡಿಸಿ ಅಳತೆ ಹೇಳಿದಳು. ಹೇಳುವಾಗ ಅಭ್ಯಾಸಬಲದಿಂದ ಒಳಮಡಿಕೆಗೆ ಎಂದು ಎರಡು ಇಂಚು ಸೇರಿಸಿದಳು. ನಾನು ಅದನ್ನು ಬಡಗಿಗೆ ದಾಟಿಸುವಾಗ ಒಳಮಡಿಕೆ ಬಿಟ್ಟಿದೆಯೋ ಇಲ್ಲವೋ ಎಂದು ಇನ್ನೆರಡು ಸೇರಿಸಿದೆ. ನಿನ್ನೆ ಮೇಜು ಬಂತು. ಬಾಬಿನ್ ಅದರ ಮುಂದೆ ಕೂತರೆ ಗಲ್ಲ ಮೇಜಿನ ಮೇಲೆ, ತಟ್ಟೆಯಲ್ಲಿ ತಲೆ ಇಟ್ಟ ಹಾಗೆ. ವಿಷಯ ತಿಳಿದ ಬಡಗಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ‘ಇದೇನು ಮಕ್ಕಳ ಫ್ರಾಕಾ ಸ್ವಾಮಿ, ವರ್ಷ ವರ್ಷ ಮಡಿಕೆ ಬಿಚ್ಚಿ ಉದ್ದ ಮಾಡೋಕೆ?’ ಅಂದ. ನಾಲ್ಕು ಇಂಚು ಕೊಯ್ದುಬಿಡು ಎಂದು ನಾನು ಹೇಳಿದೆ. ಅವನು ಗರಗಸ ಎತ್ತಿದ. ಅಮ್ಮ ತಡೆದಳು. ‘ಮಡಿಕೆ ತಪ್ಪಿದ್ದು ಇರಲಿ. ನಾನು ಕುಳ್ಳಿ, ಅವಳು ಉದ್ದ. ನಾನು ಕೂತಿದ್ದು ಊಟದ ಕುರ್ಚಿ, ಅವಳು ಕೂರೋದು ಗಾಲಿಕುರ್ಚಿ. ಅಳತೆ ತಗೊಂಡ ಆಳೇ ತಪ್ಪು’ ಅಂದಳು. ಮೂರು ತಲೆಮಾರಿನಿಂದ ಟೇಪು ಕೊರಳಿಗೆ ಹಾಕಿಕೊಂಡು ತಿರುಗುವ ಮನೆಯವರು ಒಬ್ಬರ ಮೇಜಿಗೆ ಇನ್ನೊಬ್ಬರ ಅಳತೆ ಕೊಟ್ಟಿದ್ದೆವು. ಬಡಗಿ ನಗುತ್ತಲೇ ಗರಗಸ ಚೀಲಕ್ಕೆ ಹಾಕಿಕೊಂಡ.

ಇಷ್ಟು ಇಲ್ಲಿಯ ಸಮಾಚಾರ. ಕಾಲಿನ ಬಗ್ಗೆ ಡಾಕ್ಟರು ಹೇಳಿದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು. ಬೊಬ್ಬೆಗೆ ಮುಲಾಮು ಹಚ್ಚಿಕೊಳ್ಳದೆ ಮಲಗಬೇಡ. ಅಮ್ಮ ಆಶೀರ್ವಾದ ಹೇಳಿದ್ದಾಳೆ. ಬಾಬಿನ್ ಮುತ್ತು ಕಳಿಸಿದ್ದಾಳೆ, ಜೊತೆಗೆ ಗಣಿತದ ಕಿರುಪರೀಕ್ಷೆಯಲ್ಲಿ ಬಂದ ಅಂಕ ಎಷ್ಟೆಂದು ಕಾಗದದಲ್ಲಿ ಬರೆಯಬಾರದು ಎಂದೂ ಹೇಳಿದ್ದಾಳೆ. ಪಕ್ಕದ ಹಾಸಿಗೆಯ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಹೊಲಿಯಲು ಮಾತ್ರ ಬರುವವನು

ಮರೆತಿದ್ದೆ: ನಿನ್ನ ತಂಗಿ ಕಾಗದ ಒಯ್ಯಲು ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಭಾನುವಾರ ಒಂದು ಹಗಲಿನ ಮಟ್ಟಿಗೆ ಮನೆಗೆ ಹೋಗಿಬರಲು ಆಸ್ಪತ್ರೆಯವರು ಬಿಡುತ್ತಾರಂತೆ. ಫಿಸಿಯೋ ಮೇಡಂ ಹೇಳಿದರು. ನಿನ್ನನ್ನು ಎರಡು ಸಲ ಕೇಳಿದರಂತೆ, ನೀನು ಎರಡು ಸಲವೂ ಬೇಡ ಅಂದೆಯಂತೆ. ಮೂರನೆಯ ಸಲ ನಾನು ಕೇಳುತ್ತಿದ್ದೇನೆ. ಮೊಣಕೈ ಎತ್ತರ ಬರೆದು ಕಳಿಸಿದರೆ ಸಾಲದೇ ಅನ್ನಬೇಡ. ಯಾರೋ ಬರೆದು ಕಳಿಸಿದ ಅಳತೆಗೆ ನೀನು ಈವರೆಗೆ ಕತ್ತರಿ ಹಾಕಿದವಳಲ್ಲ, ದೊಡ್ಡ ದೊಡ್ಡವರನ್ನೂ ಖುದ್ದಾಗಿ ಬನ್ನಿ ಎಂದು ವಾಪಸ್ ಕಳಿಸಿದ್ದೀಯ. ಕೋಣೆ ನಿನಗೆ ಹೊಂದದಿದ್ದರೆ ಸಂಜೆ ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ, ತಿಂಗಳ ಕೊನೆಗೆ ತಂಗಿಯ ಮನೆಗೇ ಹೋಗು, ನಾನು ಒಂದು ಮಾತೂ ಆಡುವುದಿಲ್ಲ. ಮೇಜಿನ ಕಾಲು ಇನ್ನೂ ಕೊಯ್ದಿಲ್ಲ. ಗಾಡಿ ಒಂಬತ್ತಕ್ಕೆ ಆಸ್ಪತ್ರೆಯ ಬಾಗಿಲಿಗೆ ಬರುತ್ತದೆ. ಬಡಗಿ ಹನ್ನೊಂದಕ್ಕೆ ಬರುತ್ತಾನೆ.